ಬಾಗಿಲು ಕಾಯುವವನಿಗೆ ಒಂದು ಮೈಸೋಪು ಕೊಳ್ಳಲು ಅನುಮತಿ ಕೋರಿ

ಇಂದ:
ಮುಖ್ತಾರ್, ಮಾಜಿ ಸಿಪಾಯಿ (ನಿವೃತ್ತರಲ್ಲ),
ಹಾಲಿ ತಮ್ಮದೇ ಕ್ಯಾಂಟೀನಿನ ಬಾಗಿಲ ಕಾವಲುಗಾರರು,
ವಾಸ: ರೇಷ್ಮೆಗೂಡು ಮಾರುಕಟ್ಟೆಯ ಹಿಂದಿನ ಬೀದಿ, ಶಿಡ್ಲಘಟ್ಟ.
(ಅರ್ಜಿದಾರರ ಬಾಯಿಂದ ಕೇಳಿ ಬರೆದುಕೊಟ್ಟವನು: ಮುನಿನಾರಾಯಣಪ್ಪ, ಅರ್ಜಿ ಬರಹಗಾರ, ತಾಲ್ಲೂಕು ಕಚೇರಿ ಎದುರಿನ ಹೊಂಗೆಮರದ ಕೆಳಗೆ.)

ಗೆ:
ಮಾನ್ಯ ವ್ಯವಸ್ಥಾಪಕರು,
ವಿಜಯಸ್ತಂಭ ಸೈನಿಕ ಕ್ಯಾಂಟೀನ್,
ಪೆರೇಸಂದ್ರ ರಸ್ತೆ, ಚಿಕ್ಕಬಳ್ಳಾಪುರ.

ವಿಷಯ: ಪಿಂಚಣಿಯಿಲ್ಲದೆ ಸೈನ್ಯ ಬಿಟ್ಟುಬಂದ ಸಿಪಾಯಿಗೆ ಕ್ಯಾಂಟೀನಿನ ಒಳಗೆ ಹೋಗಿ ಒಂದೇ ಒಂದು ಮೈಸೋಪು ಕೊಳ್ಳಲು ಅವಕಾಶ ಕೊಡುವ ಬಗ್ಗೆ, ಹಾಗೂ ಅರ್ಜಿದಾರರ ಕೆಲಸ ಉಳಿಸುವ ಬಗ್ಗೆ.

ಉಲ್ಲೇಖ:
1. ಗುತ್ತಿಗೆದಾರ ಮೋಹನ್‌ಬಾಬುರವರನ್ನು ತಡೆದದ್ದಕ್ಕೆ ತಾವು ಕೊಟ್ಟ ಕಾರಣ ಕೇಳುವ ನೋಟಿಸು.
2. ಚಿಂತಾಮಣಿಯ ಬೀಗರು ಆಡಿದ ಮಾತು.
3. ಅರ್ಜಿದಾರರ ಹೆಂಡತಿ ಖುರ್ಷಿದ್‌ರವರ ಮೌನ, ಕಳೆದ ಶುಕ್ರವಾರದಿಂದ ಜಾರಿಯಲ್ಲಿರುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ಅರ್ಜಿದಾರರು ಒಂಬತ್ತು ವರ್ಷ ಸೈನ್ಯದಲ್ಲಿ ಸೇವೆ ಮಾಡಿದ್ದಾರೆ. ಮೀಸೆ ಮೇಲೆ ಮಂಜು ಕೂರುವ ಜಾಗಗಳಲ್ಲೆಲ್ಲ ಬಂದೂಕು ಹಿಡಿದು ನಿಂತಿದ್ದಾರೆ. ಅಷ್ಟರಲ್ಲಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುತ್ತಿದ್ದ ಅವರ ತಂದೆಗೆ ಲಕ್ವ ಹೊಡೆಯಿತು. ಮನೆಯಲ್ಲಿ ಬೇರೆ ಗಂಡು ದಿಕ್ಕಿರಲಿಲ್ಲ. ಕಾರಣ, ಅರ್ಜಿದಾರರು ಸ್ವಂತ ಕೋರಿಕೆಯ ಮೇರೆಗೆ ಬಿಡುಗಡೆ ಪಡೆದು, ಒಳ್ಳೆಯ ನಡತೆಯ ಸರ್ಟಿಫಿಕೇಟು ತೆಗೆದುಕೊಂಡು, ಟ್ರಂಕು ಹೊತ್ತು ಊರಿಗೆ ಬಂದರು.

ತಮ್ಮ ನಿಯಮದ ಪ್ರಕಾರ ಸೈನ್ಯದಲ್ಲಿರುವವರಿಗೆ, ಇಲ್ಲವೇ ಪಿಂಚಣಿ ಬರುವವರಿಗೆ ಮಾತ್ರ ಕ್ಯಾಂಟೀನ್ ಕಾರ್ಡು. ಆದ್ದರಿಂದ ಅರ್ಜಿದಾರರು ಸೈನ್ಯದಲ್ಲೂ ಇಲ್ಲ, ನಿವೃತ್ತರೂ ಅಲ್ಲ. ಮಧ್ಯದಲ್ಲಿ ಎಲ್ಲಿದ್ದಾರೆ ಎಂದು ಕೇಳಿದರೆ, ಸದ್ಯಕ್ಕೆ ತಮ್ಮ ಬಾಗಿಲಲ್ಲಿದ್ದಾರೆ.

ಈ ಬಗ್ಗೆ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಅರ್ಜಿದಾರರು ಒಂದು ಏಜೆನ್ಸಿಯ ಮೂಲಕ ತಮ್ಮ ಕ್ಯಾಂಟೀನಿಗೆ ಕಾವಲಿಗೆ ಬಂದವರು. ಶರ್ಟು ಏಜೆನ್ಸಿಯದು, ಸೀಟಿ ಏಜೆನ್ಸಿಯದು, ಬೂಟು ಮಾತ್ರ ಅವರದೇ ಹಳೆಯ ಮಿಲಿಟರಿ ಬೂಟು. ಬಂದವರ ಕಾರ್ಡು ನೋಡುವುದು, ಕಾರ್ಡಿದ್ದವರನ್ನು ಬಿಡುವುದು, ಇಲ್ಲದವರನ್ನು ನಿಲ್ಲಿಸುವುದು ಅವರ ಕರ್ತವ್ಯ. ಸದರಿ ಕರ್ತವ್ಯದ ಪ್ರಕಾರ ಅವರು ದಿನವೂ ಮೊದಲು ನಿಲ್ಲಿಸುವುದು ತಮ್ಮನ್ನು ತಾವೇ. ವಯಸ್ಸಾದ ಹವಾಲ್ದಾರರು ಬಂದು ಬೂಟು ನೋಡಿ, ಯಾವ ಯೂನಿಟ್ಟಪ್ಪ ಎಂದು ವಿಚಾರಿಸಿ, ಬೆನ್ನು ತಟ್ಟಿ, ಬಾ ಒಳಗೆ ಎಂದು ಕೈ ಹಿಡಿಯುವುದುಂಟು. ಅರ್ಜಿದಾರರು ನಕ್ಕು, ಅವರ ಛತ್ರಿ ಇಸಿದುಕೊಂಡು, ಹೊರಗೇ ಉಳಿಯುತ್ತಾರೆ.

2. ನಮ್ಮ ಕಡೆಯ ಜನರ ಲೆಕ್ಕ ತಮಗೆ ತಿಳಿಯದಿರಲಾರದು. ಮಿಲಿಟರಿಯವನು ಎಂದರೆ ಕ್ಯಾಂಟೀನ್ ಇರುವವನು. ಗಡಿಯಲ್ಲಿ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ, ರಜಕ್ಕೆ ಬಂದಾಗ ಏನು ತಂದ ಎಂದು ಕೇಳುತ್ತಾರೆ. ಕುಕ್ಕರು, ಸೂಟ್‌ಕೇಸು, ಸೋಪು ಬಂದರೆ ಅವನು ಸೈನಿಕ. ಬರದಿದ್ದರೆ ಅರ್ಧದಲ್ಲಿ ಓಡಿಬಂದವನೋ, ಏನೋ ಮಾಡಿ ಹೊರಹಾಕಿಸಿಕೊಂಡವನೋ ಎಂದು ಸಲೂನಿನಲ್ಲಿ ತೀರ್ಮಾನವಾಗುತ್ತದೆ. ಆ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ.

3. ಈ ಭಯಕ್ಕೆ ಬಿದ್ದು ಅರ್ಜಿದಾರರು ತಮಗೆ ಕಾರ್ಡಿಲ್ಲವೆಂಬ ಮಾತನ್ನು ಬೀದಿಯಲ್ಲಿ ಹೇಳಲೇ ಇಲ್ಲ. ಪರಿಣಾಮವಾಗಿ ಊರೆಲ್ಲ ಅವರಿಗೆ ಆರ್ಡರು ಕೊಡತೊಡಗಿತು. ಐದು ಹೊತ್ತು ನಮಾಜು ಮಾಡುವ ಮನುಷ್ಯನಿಗೆ ಪಕ್ಕದ ಬೀದಿಯವರು ಎರಡು ರಮ್ ಬಾಟ್ಲಿ ತಂದುಕೊಡಿ ಎಂದು ಮಸೀದಿಯ ಮೆಟ್ಟಿಲಲ್ಲೇ ಕೇಳಿದ್ದಾರೆ. ಅದನ್ನು ಹೇಗೋ ತಪ್ಪಿಸಿಕೊಂಡರು. ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಯನ್ನು ಮಾತ್ರ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪೂರಾ ರೇಟಿಗೆ ಕೊಂಡು, ಬೀದಿಯವರಿಗೆ ಕ್ಯಾಂಟೀನ್ ರೇಟಿಗೆ ಕೊಡುತ್ತ ಬಂದರು. ತಮ್ಮ ಕ್ಯಾಂಟೀನಿಗೆ ಸರ್ಕಾರ ಕೊಡುವ ರಿಯಾಯಿತಿಯನ್ನು ಶಿಡ್ಲಘಟ್ಟದ ಒಂದು ಬೀದಿಗೆ ಅರ್ಜಿದಾರರ ಸಂಬಳ ಕೊಡುತ್ತಿತ್ತು. ಇದು ಹುಚ್ಚುತನವಲ್ಲದೆ ಇನ್ನೇನು? (ಇದು ಬರೆದವನ ಮಾತು. ಅರ್ಜಿದಾರರು ಇದನ್ನು ತೆಗೆಯಿರಿ ಎಂದರು. ತೆಗೆಯಲಿಲ್ಲ.)

4. ಹೀಗಿರುವಾಗ ಅವರ ಮಗಳು ತರನ್ನುಮ್‌ಗೆ ಚಿಂತಾಮಣಿಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಲ್ಯಾಬಿನಲ್ಲಿ ಕೆಲಸ. ಹುಡುಗಿಗೂ ಮನಸ್ಸಿತ್ತು. ಹುಡುಗನ ಚಿಕ್ಕಪ್ಪ ಮುಜಮ್ಮಿಲ್, ಟೈರ್ ಅಂಗಡಿಯವರು, ನಮಗೆ ಏನೂ ಬೇಡ, ವರದಕ್ಷಿಣೆ ಹರಾಮು ಎಂದು ಎಲ್ಲರೆದುರು ಹೇಳಿದರು. ಆಮೇಲೆ ಚಹಾ ಮುಗಿಯುವಷ್ಟರಲ್ಲಿ, ಹೇಗೂ ಕ್ಯಾಂಟೀನ್ ನಿಮ್ಮದೇ ಅಲ್ಲವೇ, ಫ್ರಿಜ್ಜು ನಾವೇ ಬಂದು ಬಣ್ಣ ಆರಿಸಿಕೊಳ್ಳುತ್ತೇವೆ ಎಂದರು. ಅರ್ಜಿದಾರರು ಬಾಯಿ ತೆರೆಯುವುದರೊಳಗೆ ಖುರ್ಷಿದ್‌ರವರು ಒಳಗಿನಿಂದ, ಬನ್ನಿ ಬನ್ನಿ ಎಂದುಬಿಟ್ಟರು. ಪಾಪ, ಅವರಿಗೂ ಗಂಡ ಹೇಳಿರಲಿಲ್ಲ. ಅವರ ಬಚ್ಚಲಿನ ಸೋಪು ಕೂಡ ಬಸ್‌ಸ್ಟ್ಯಾಂಡಿನದೇ.

5. ಕಳೆದ ಶುಕ್ರವಾರ ಬೆಳಿಗ್ಗೆ ಒಂದು ಓಮ್ನಿ ತುಂಬ ಬೀಗರು ತಮ್ಮ ಕ್ಯಾಂಟೀನಿನ ಮುಂದೆ ಇಳಿದರು. ಮುಂದೆ ಹುಡುಗನ ಅಜ್ಜಿ, ಕೋಲೂರಿಕೊಂಡು. ಹಿಂದೆ ಮುಜಮ್ಮಿಲ್, ಅವರ ಹಿಂದೆ ಹೊಸ ಸೀರೆಯಲ್ಲಿ ಖುರ್ಷಿದ್. ಅರ್ಜಿದಾರರು ಸಲಾಂ ಹೇಳಿ, ಅಜ್ಜಿಗೆ ಕಾವಲಿನ ಕುರ್ಚಿ ಹಾಕಿ, ಅಲ್ಲೇ ಬಾಗಿಲಿಗೆ ಅಡ್ಡ ನಿಂತರು. ಕಾರ್ಡಿಲ್ಲದೆ ಒಳಗೆ ಬಿಡುವಂತಿಲ್ಲ ಎಂದು ಮೆಲ್ಲಗೆ ಹೇಳಿದರು. ಮುಜಮ್ಮಿಲ್ ನಕ್ಕು, ನಮಗೇಕೆ ಕಾರ್ಡು, ನಿಮ್ಮ ಕಾರ್ಡು ಸಾಕಲ್ಲ ಎಂದರು.

"ನಂಗೂ ಇಲ್ಲ ಭಾಯ್," ಎಂದರು ಅರ್ಜಿದಾರರು.

ಈ ಮೂರು ಪದ ಹೇಳಲು ಆ ಮನುಷ್ಯ ಪಟ್ಟ ಪಾಡನ್ನು ಬರೆಯಲು ಈ ಅರ್ಜಿಯಲ್ಲಿ ಕಾಲಂ ಇಲ್ಲ. ಖುರ್ಷಿದ್‌ರವರು ಗಂಡನ ಮುಖ ನೋಡಿದರು. ಉಲ್ಲೇಖ 3ರ ಮೌನ ಜಾರಿಗೆ ಬಂದದ್ದು ಆ ಗಳಿಗೆಯಿಂದ.

ಅರ್ಜಿದಾರರು ಬ್ಯಾಗಿನಿಂದ ಡಿಸ್‌ಚಾರ್ಜ್ ಬುಕ್ಕು ತೆಗೆದು ತೋರಿಸಿದರು. ಮುಜಮ್ಮಿಲ್ ಅದನ್ನು ತಿರುವಿ ನೋಡಿ ಹಿಂದಕ್ಕೆ ಕೊಟ್ಟರು. "ಬುಕ್ಕು ಯಾರ್ ಬೇಕಾದ್ರೂ ಇಟ್ಕೋತಾರೆ ಭಾಯ್. ಕಾರ್ಡೇ ಇಲ್ಲ ಅಂದ್ರೆ ಮಿಲಿಟರಿ ಎಲ್ಲಿಂದ ಬಂತು?"

6. ಸರಿಯಾಗಿ ಆ ಹೊತ್ತಿಗೆ ಗೌರಿಬಿದನೂರಿನ ಗುತ್ತಿಗೆದಾರರಾದ ಮೋಹನ್‌ಬಾಬುರವರು ಕಾರಿನಿಂದ ಇಳಿದರು. ಇವರು ಸೈನ್ಯದಲ್ಲಿದ್ದವರಲ್ಲ. ಇವರ ಮಾವ ಸುಬೇದಾರರಾಗಿದ್ದರು. ಸದರಿ ಸುಬೇದಾರರು ತೀರಿಕೊಂಡು ಎರಡು ವರ್ಷವಾದರೂ, ಅವರ ಕಾರ್ಡು ತಿಂಗಳು ತಪ್ಪದೆ ಬಂದು ಶೇವಿಂಗ್ ಕ್ರೀಮು ಕೊಳ್ಳುತ್ತಿದೆ. ಇಷ್ಟು ದಿನ ತಾವು ಕಚೇರಿಯ ಕಿಟಕಿಯಿಂದ ಬಿಡು ಎಂದು ಕೈ ಬೀಸುತ್ತಿದ್ದುದರಿಂದ ಅರ್ಜಿದಾರರು ಬಿಡುತ್ತಿದ್ದರು. ಮೋಹನ್‌ಬಾಬುರವರು ಒಳ್ಳೆಯ ಮನಸ್ಸಿನಿಂದಲೇ, ಇದೇನು ಮುಖ್ತಾರ್, ಬೀಗರನ್ನು ಬಿಸಿಲಲ್ಲಿ ನಿಲ್ಲಿಸಿದ್ದೀಯ, ಬನ್ನಿ ಎಲ್ಲರೂ ನನ್ನ ಕಾರ್ಡಿನಲ್ಲಿ ಹೋಗೋಣ ಎಂದು ಕಾರ್ಡು ಚಾಚಿದರು.

ಮಾನ್ಯರೇ, ಆ ಒಂದು ಗಳಿಗೆ ಅರ್ಜಿದಾರರು ಸುಮ್ಮನಿದ್ದಿದ್ದರೆ ಸಾಕಿತ್ತು. ಫ್ರಿಜ್ಜು ಬರುತ್ತಿತ್ತು, ನಿಕಾ ಆಗುತ್ತಿತ್ತು, ಕೆಲಸ ಉಳಿಯುತ್ತಿತ್ತು. ಆದರೆ ಅವರು ಕಾರ್ಡು ಇಸಿದುಕೊಂಡು, ಫೋಟೋ ನೋಡಿ, ಮೋಹನ್‌ಬಾಬುರವರ ಮುಖ ನೋಡಿ, ಹೀಗೆಂದರು:

"ಸಾರ್, ಇದ್ರಲ್ಲಿರೋರು ತೀರ್ಕೊಂಡು ಎರಡು ವರ್ಷ ಆಯ್ತು. ಅವರ ಮಣ್ಣಿಗೆ ನಾನೂ ಬಂದಿದ್ದೆ. ಅವರಿಗೆ ಸಲ್ಯೂಟ್ ಹೊಡ್ದಿದೀನಿ ಸಾರ್. ಇವತ್ತು ಬಿಡಕ್ಕಾಗಲ್ಲ."

7. ಇದಾದ ಮೇಲೆ ತಾವು ಹೊರಡಿಸಿದ ನೋಟಿಸಿನಲ್ಲಿ, ಮಾನ್ಯ ಗ್ರಾಹಕರನ್ನು ತಡೆದು, ಅವರ ಮಾವನವರ ಮರಣದ ವಿಷಯವನ್ನು ಸಾರ್ವಜನಿಕವಾಗಿ ಎತ್ತಿ ಮನಸ್ಸು ನೋಯಿಸಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದೀರಿ. ಅದಕ್ಕೆ ಅರ್ಜಿದಾರರ ಉತ್ತರ ಇಷ್ಟೇ: ಸುಬೇದಾರರು ತೀರಿಕೊಂಡ ವಿಷಯ ಮೋಹನ್‌ಬಾಬುರವರಿಗೆ ಮೊದಲೇ ಗೊತ್ತಿತ್ತು.

8. ನಿಯಮ ತಾವು ಮಾಡಿದ್ದಲ್ಲ, ಸೇವೆ ಮಾಡಿದವರಿಗೆಲ್ಲ ಬಾಗಿಲು ತೆರೆದರೆ ಕಪಾಟು ಖಾಲಿಯಾಗಿ, ಪೂರಾ ಸೇವೆ ಮಾಡಿದ ಮುದುಕರು ಬರಿಗೈಯಲ್ಲಿ ಹೋಗಬೇಕಾಗುತ್ತದೆ ಎಂದು ತಾವು ಬಾಯಿಮಾತಿನಲ್ಲಿ ಹೇಳಿದ್ದೀರಿ. ಮಾತು ನ್ಯಾಯವಾದದ್ದೇ. ಅರ್ಜಿದಾರರೂ ಒಪ್ಪುತ್ತಾರೆ. ಆದರೆ ಸತ್ತವರು ಬಂದು ಕೊಂಡರೆ ಖಾಲಿಯಾಗದ ಕಪಾಟು, ಬದುಕಿರುವ ಒಬ್ಬ ಸಿಪಾಯಿ ಬಂದರೆ ಹೇಗೆ ಖಾಲಿಯಾಗುತ್ತದೆ ಎಂಬುದನ್ನು ಬರೆದವನು ಎಷ್ಟು ತಲೆ ಕೆರೆದುಕೊಂಡರೂ ತಿಳಿಯಲಿಲ್ಲ.

9. ಮಂಡಿಕಲ್ ಕಡೆಯ ಕೊಂಡಪ್ಪನವರು ಅರ್ಜಿದಾರರ ಜೊತೆ ಒಂದೇ ದಿನ ಭರ್ತಿಯಾದವರು, ಪೂರಾ ಸೇವೆ ಮಾಡಿ ಪಿಂಚಣಿ ಪಡೆಯುವವರು, ಕಾರ್ಡುಳ್ಳವರು. ಚಳಿಜ್ವರ ಬಂದಾಗಲೆಲ್ಲ ಇವರ ಪಾಳಿಯನ್ನೂ ಅರ್ಜಿದಾರರೇ ನಿಂತಿದ್ದರಂತೆ. ವಿಷಯ ತಿಳಿದು ಹೊಂಗೆಮರದ ಕೆಳಗೇ ಬಂದು, ತಮ್ಮ ಕಾರ್ಡು ತೆಗೆದು ಅರ್ಜಿದಾರರ ಜೇಬಿಗೆ ತುರುಕಿದರು. "ತೀಸ್ಕೋಪ್ಪಾ. ಇದ್ರಲ್ಲಿ ಅರ್ಧ ನಿನ್ ಡ್ಯೂಟಿನೇ ಐತೆ." ಅರ್ಜಿದಾರರು ಕಾರ್ಡನ್ನು ಒರೆಸಿ ವಾಪಸು ಕೊಟ್ಟರು, ನಿಯಮವಿಲ್ಲ ಎಂದರು. ಆ ನಿಯಮಕ್ಕೆ ಬೆಂಕಿ ಬೀಳಲಿ ಎನ್ನಬೇಕೆಂದು ಬರೆದವನಿಗೆ ಅನಿಸಿತು, ಆದರೆ ಅರ್ಜಿಯಲ್ಲಿ ಹಾಗೆ ಬರೆಯುವಂತಿಲ್ಲ.

10. ಬೀಗರ ಸದ್ಯದ ನಿಲುವು: ಅಜ್ಜಿ ನಮ್ಮ ಕಡೆ. ಸತ್ತವನ ಮರ್ಯಾದೆ ಕಾಯುವವನು ಸೊಸೆಯ ಅಪ್ಪನಾಗಲಿ ಎಂದು ಓಮ್ನಿಯಲ್ಲೇ ಹೇಳಿದರಂತೆ. ಆದರೆ ಮುಜಮ್ಮಿಲ್, ಈತ ಸೈನ್ಯದವನೆಂದು ಕ್ಯಾಂಟೀನಿನ ಸೀಲಿರುವ ಒಂದು ಕಾಗದ ಬರಲಿ, ಆಮೇಲೆ ತಾರೀಕು ನೋಡೋಣ ಎಂದು ಹಿಡಿದ ಪಟ್ಟು ಬಿಟ್ಟಿಲ್ಲ. ತರನ್ನುಮ್ ತಂದೆಗೆ, "ಅಬ್ಬಾ, ಅವ್ರಿಗೆ ಕಾರ್ಡೇ ಬೇಕು ಅಂದ್ರೆ ಕಾರ್ಡ್ ಜೊತೆನೇ ನಿಕಾ ಮಾಡ್ಸಿ" ಎಂದಳು. ಹಾಗೆಂದು ಒಳಗೆ ಹೋಗಿ ಅತ್ತಳು. ಅತ್ತದ್ದು ಅರ್ಜಿದಾರರಿಗೆ ಕೇಳಿಸಿತು. ಮಂಜಿನಲ್ಲಿ ಒಂಬತ್ತು ವರ್ಷ ಅಲುಗದೆ ನಿಂತ ಮನುಷ್ಯ ಇದನ್ನು ಹೇಳುವಾಗ ನನ್ನೆದುರು ಕಣ್ಣೊರೆಸಿಕೊಂಡರು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಪ್ರಾರ್ಥಿಸುವುದೇನೆಂದರೆ:

ಅ. ನೋಟಿಸನ್ನು ಕೈಬಿಡುವುದು.

ಆ. ಅರ್ಜಿದಾರರಿಗೆ ಒಂದು ದಿನ, ಹೆಂಡತಿಯ ಜೊತೆ ಒಳಗೆ ಹೋಗಿ, ಬುಟ್ಟಿ ಹಿಡಿದು, ಕಪಾಟುಗಳ ನಡುವೆ ಒಂದು ಸುತ್ತು ಹಾಕಿ, ಒಂದು ಮೈಸೋಪು ಕೊಳ್ಳಲು ಬಿಡುವುದು. ರಿಯಾಯಿತಿ ಬೇಡ, ಬಸ್‌ಸ್ಟ್ಯಾಂಡಿನ ರೇಟನ್ನೇ ಹಾಕಿ. ಬಿಲ್ಲಿನಲ್ಲಿ ಅವರ ಸಿಪಾಯಿ ನಂಬರು ಮತ್ತು ಹೆಸರಿರಲಿ, ಸಾಕು.

ಇ. ಬಾಗಿಲಲ್ಲಿ ಕಾವಲಿಗಿರುವವರು ಅರ್ಜಿದಾರರೊಬ್ಬರೇ. ಅವರು ಒಳಗಿರುವ ಹೊತ್ತಿನಲ್ಲಿ ಅವರಂಥವರನ್ನು ತಡೆಯಲು ಬೇರೊಬ್ಬರನ್ನು ನಿಲ್ಲಿಸಿಕೊಳ್ಳುವುದು.

ಈ. ಇದ್ಯಾವುದೂ ಆಗದು ಎನ್ನುವುದಾದರೆ, ಆಗದು ಎಂದೇ ಬರೆದುಕೊಡಿ. ಆದರೆ ಆ ಕಾಗದದಲ್ಲಿ "ಮಾಜಿ ಸೈನಿಕ ಮುಖ್ತಾರ್‌ರವರ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂದು ಬರೆದು ಕೆಳಗೆ ಸೀಲು ಹೊಡೆಯಿರಿ. ಚಿಂತಾಮಣಿಗೆ ಅಷ್ಟು ಸಾಕು. ಅರ್ಜಿದಾರರಿಗೂ ಅಷ್ಟು ಸಾಕು.

ತಮ್ಮ ಬಾಗಿಲಲ್ಲೇ ಇರುವ, ತಮ್ಮ ವಿಶ್ವಾಸಿ,
ಮುಖ್ತಾರ್ (ಸಹಿ)

ಸಾಕ್ಷಿ: ಕೊಂಡಪ್ಪ (ಸಹಿ)

ಲಗತ್ತುಗಳು:
1. ಡಿಸ್‌ಚಾರ್ಜ್ ಬುಕ್ಕಿನ ಜೆರಾಕ್ಸ್.
2. ಅರ್ಜಿದಾರರು ಮಂಜಿನಲ್ಲಿ ನಿಂತಿರುವ ಫೋಟೋ. ಮುಖ ಕಾಣುವುದಿಲ್ಲ, ಬೂಟು ಕಾಣುತ್ತದೆ. ಅದೇ ಬೂಟು, ಬೇಕಾದರೆ ಬಾಗಿಲಿಗೆ ಬಂದು ನೋಡಬಹುದು.
3. ಖಾಲಿ ಬಟ್ಟೆಚೀಲ ಒಂದು. ಖುರ್ಷಿದ್‌ರವರು ಮಾತಾಡದೆ ಕೊಟ್ಟು ಕಳಿಸಿದ್ದು. ಸೋಪಿಗೆ ಇಷ್ಟು ದೊಡ್ಡ ಚೀಲ ಯಾಕೆ ಎಂದು ಕೇಳಬಾರದಾಗಿ ವಿನಂತಿ.

ವಿಶೇಷ ಸೂಚನೆ: ಈ ಅರ್ಜಿಯನ್ನು ಕೊಂಡಪ್ಪನವರ ಕೈಯಲ್ಲಿ ಒಳಗೆ ಕಳಿಸಲಾಗಿದೆ. ತಮ್ಮ ಉತ್ತರವನ್ನು ದಯವಿಟ್ಟು ಹೊರಗೆ ತಂದು ಕೈಗೆ ಕೊಡುವುದು. ಒಳಗೆ ಬಂದು ಪಡೆಯಲು ಅರ್ಜಿದಾರರಿಗೆ ಕಾರ್ಡು ಇರುವುದಿಲ್ಲ.