ಗೋಲುಗಂಬದ ನಡುವಿನ ಕುರ್ಚಿ

ಫುಟ್‌ಬಾಲ್ ತಂಡವೊಂದರಲ್ಲಿ ಹತ್ತು ಮಂದಿ ಓಡುತ್ತಾರೆ, ಒಬ್ಬರು ನಿಂತಿರುತ್ತಾರೆ. ಈ ಸಂಗತಿ ಜಗತ್ತಿಗೆಲ್ಲ ಮೊದಲಿನಿಂದಲೂ ತಿಳಿದದ್ದೇ. ನೀರು ಸರಬರಾಜು ಮಂಡಳಿಗೆ ಮಾತ್ರ ಅದು ವಿಧಿವತ್ತಾದ ತಪಾಸಣೆಯ ತರುವಾಯ ತಿಳಿದುಬಂತು.

ಮಂಡಳಿಗೆ ತನ್ನದೇ ಆದ ಮಹಿಳಾ ಫುಟ್‌ಬಾಲ್ ತಂಡವಿತ್ತು. ಆಟವೇ ಅವರ ನೌಕರಿ, ಸಂಬಳ ಮಂಡಳಿಯದು, ಮೈದಾನ ಪಂಪುಮನೆಯ ಹಿಂದಿನದು. ಗೋಲುಗಂಬಗಳೂ ಹೊರಗಿನಿಂದ ಬಂದವಲ್ಲ. ಸೇವೆಯಿಂದ ನಿವೃತ್ತವಾದ ಎರಡು ನೀರಿನ ಪೈಪುಗಳು ನೆಟ್ಟಗೆ ನಿಂತು ಮೂರನೆಯದನ್ನು ತಲೆಯ ಮೇಲೆ ಹೊತ್ತಿದ್ದವು. ಚೆಂಡು ಬಡಿದರೆ ಠಣ್ ಎನ್ನುವ ಸದ್ದು ಕಚೇರಿಯ ಮೇಲಿನ ಮಹಡಿಗೂ ಕೇಳುತ್ತಿತ್ತು, ಊಟವಾದ ಮೇಲೆ ಕಣ್ಣು ಮುಚ್ಚಿಕೊಂಡಿದ್ದವರು ಬೆಚ್ಚಿ ಯಾವುದಾದರೊಂದು ಕಡತಕ್ಕೆ ಸಹಿ ಹಾಕಿಬಿಡುತ್ತಿದ್ದರು. ಆ ಕಂಬಗಳ ನಡುವೆ ನಿಲ್ಲುತ್ತಿದ್ದವಳನ್ನು ಎಲ್ಲರೂ ಚಿಲಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಚಿಲಕಳ ಕಸುಬೆಲ್ಲ ಇದ್ದದ್ದು ಬಾಯಲ್ಲಿ. ಕೈಯೂ ಚೆನ್ನಾಗಿತ್ತು ಅನ್ನಿ. ಆದರೆ ಕೈಯವರೆಗೆ ಕೆಲಸ ಬರಲು ಬಾಯಿ ಬಿಡುತ್ತಿರಲಿಲ್ಲ. ಎದುರಾಳಿಯ ಕಾಲು ಚೆಂಡಿಗೆ ತಾಗುವ ಮುಂಚೆಯೇ ಅದು ಯಾವ ಕಡೆಗೆ ಬರುತ್ತದೆಂದು ಅವಳ ಮೂಗಿಗೆ ಬಡಿಯುತ್ತಿತ್ತು. "ಅಕ್ಕಾ, ಎಡಕ್ಕೆ ಜರುಗು. ಏ ಜಡೆ, ಅಲ್ಲೇನು ಹೂ ಕೀಳ್ತಿದೀಯೇನೇ, ಹಿಂದೆ ಬಾ. ಇನ್ನೂ ಹಿಂದೆ. ಹಾಂ, ಅಲ್ಲೇ ಬೇರು ಬಿಡು." ಉದ್ದ ಜಡೆಯ ಡಿಫೆಂಡರ್ ಬೇರು ಬಿಟ್ಟಲ್ಲಿಗೇ ಚೆಂಡು ಬಂದು, ಅವಳ ಕಾಲಿಗೆ ಬಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತಿತ್ತು.

ಹಾಗಿದ್ದೂ ಅಪರೂಪಕ್ಕೊಮ್ಮೆ ಚೆಂಡೊಂದು ಎಲ್ಲರ ಕಾಲನ್ನೂ ತಪ್ಪಿಸಿಕೊಂಡು ಬರುವುದಿತ್ತು. ಆಗ ಚಿಲಕ ಹಾರುತ್ತಿದ್ದಳು. ಆ ಒಂದು ಹಾರಾಟಕ್ಕಾಗಿಯೇ ಮಿಕ್ಕ ಹೊತ್ತೆಲ್ಲ ಅವಳು ನಿಲ್ಲುತ್ತಿದ್ದದ್ದು. ಆ ಮೂರು ಪೈಪುಗಳ ನಡುವಿನ ಜಾಗವೊಂದು ಬಿಟ್ಟು ಭೂಮಿಯ ಮೇಲೆ ಬೇರೆಲ್ಲಿಯೂ ನಿಲ್ಲುವ ಆಸೆ ಅವಳಿಗಿರಲಿಲ್ಲ.

ಇಂಥ ಹೊತ್ತಿನಲ್ಲಿ ದಕ್ಷತಾ ವಿಭಾಗದ ಪರಿವೀಕ್ಷಕರು ಮೈದಾನಕ್ಕೆ ದಯಮಾಡಿಸಿದರು. ಅವರು ಸಾಮಾನ್ಯರಲ್ಲ. ಕಚೇರಿಯ ಲಿಫ್ಟಿನವನನ್ನು ಪರಿಶೀಲಿಸಿ, ಆತ ದಿನವಿಡೀ ಹತ್ತಿ ಇಳಿದರೂ ಸಂಜೆಗೆ ಹೊರಟ ಜಾಗದಲ್ಲೇ ಇರುತ್ತಾನೆಂದು ವರದಿ ಕೊಟ್ಟು ಹೆಸರು ಮಾಡಿದವರು. ಕೊಡೆ ಬಿಡಿಸಿಕೊಂಡು ಪಂದ್ಯವನ್ನು ಪೂರ್ತಿ ನೋಡಿದರು. ತಂಡ ಗೆದ್ದಿತು. ಮಾರನೆಯ ದಿನ ಚಿಲಕಳ ಕೈಗೆ ಒಂದು ಜ್ಞಾಪನ ಬಂತು.

"ಪಂದ್ಯದುದ್ದಕ್ಕೂ ಸದರಿ ನೌಕರರು ಒಂದೇ ಸ್ಥಳದಲ್ಲಿ ನಿಂತಿದ್ದು, ಓಡುತ್ತಿದ್ದ ಸಹೋದ್ಯೋಗಿಗಳ ಮೇಲೆ ಕೂಗಾಡಿರುವುದು ಕಂಡುಬಂದಿರುತ್ತದೆ. ಇತರ ಯಾವುದೇ ಕರ್ತವ್ಯ ಕಂಡುಬಂದಿರುವುದಿಲ್ಲ. ವಿವರಣೆ ನೀಡತಕ್ಕದ್ದು."

ಚಿಲಕ ಸತ್ಯಸಂಧೆ. "ಚೆಂಡು ಬರಲಿಲ್ಲ" ಎಂದು ಬರೆದುಕೊಟ್ಟಳು. ಅದಕ್ಕೆ ಉತ್ತರ ಬಂತು: "ಕೆಲಸ ಬರಲಿಲ್ಲವೆಂದು ನೌಕರರೇ ಒಪ್ಪಿರುವುದರಿಂದ ಸದರಿ ಹುದ್ದೆಯನ್ನು ಹೆಚ್ಚುವರಿಯೆಂದು ಪರಿಗಣಿಸಿ ಈ ಸಾಲಿನ ಕೊನೆಗೆ ರದ್ದುಪಡಿಸಲಾಗುವುದು. ಗೋಲಿಗೆ ಅಗತ್ಯವೆನಿಸಿದಲ್ಲಿ ಗೇಟು ಅಳವಡಿಸುವ ಬಗ್ಗೆ ಕಟ್ಟಡ ವಿಭಾಗವು ಪರಿಶೀಲಿಸುವುದು."

ಮನೆಯಲ್ಲಿ ದೊಡ್ಡಮ್ಮ ಕೈಗವಸಿನ ಹರಿದ ಹೆಬ್ಬೆರಳಿಗೆ ಹೊಲಿಗೆ ಹಾಕುತ್ತಿದ್ದರು. ಚಿಲಕಳನ್ನು ಸಾಕಿ ಬೆಳೆಸಿದವರು ಅವರೇ.

"ಕಳ್ಳ ಬರ್ಲಿಲ್ಲ ಅಂತ ಯಾರಾದ್ರೂ ಬೀಗ ಕಿತ್ತು ಬಿಸಾಕ್ತಾರೇನೇ?"

"ಕಳ್ಳ ಯಾಕೆ ಬರ್ಲಿಲ್ಲ ಅಂತ ಬೀಗಾನೇ ಕೇಳ್ತಿದಾರೆ ದೊಡ್ಡಮ್ಮ."

"ಹಂಗಾದ್ರೆ ಅವ್ರ ಮನೆ ವಿಳಾಸ ಕೊಡು, ಕಳ್ಳರಿಗೆ ತಿಳಿಸೋಣ."

ತಂಡಕ್ಕೆ ಆಟ ಕಲಿಸುತ್ತಿದ್ದ ಕೋಚಮ್ಮ ಸುಮ್ಮನಿರುವ ಪೈಕಿಯಲ್ಲ. ಚಿಲಕಳನ್ನು ಎಳೆದುಕೊಂಡು ಪರಿವೀಕ್ಷಕರ ಕೋಣೆಗೇ ನುಗ್ಗಿದಳು.

"ಸರ್, ಇವಳು ಕೂಗೋದ್ರಿಂದಾನೇ ಚೆಂಡು ಬರದೇ ಇರೋದು."

"ಹೌದಾ? ಮತ್ತೆ ಕೂಗೋದು ನಿಲ್ಲಿಸ್ಲಿ," ಎಂದರು ಪರಿವೀಕ್ಷಕರು. "ಕೆಲಸ ತಾನಾಗೇ ಬರುತ್ತೆ."

ಮುಂದಿನ ಪಂದ್ಯದಲ್ಲಿ ಚಿಲಕ ತುಟಿ ಬಿಚ್ಚಲಿಲ್ಲ. ಡಿಫೆಂಡರುಗಳು ಸಂತೆಯಲ್ಲಿ ಕೈ ತಪ್ಪಿದ ಮಕ್ಕಳಂತೆ ಹಿಂದಿರುಗಿ ಹಿಂದಿರುಗಿ ಅವಳ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಚೆಂಡು ಅವರನ್ನು ದಾಟಿರುತ್ತಿತ್ತು. ಚಿಲಕ ಎಡಕ್ಕೆ ಹಾರಿದಳು, ಬಲಕ್ಕೆ ಹಾರಿದಳು, ಕೆಸರಲ್ಲಿ ಎಮ್ಮೆಯಂತೆ ಹೊರಳಿದಳು. ಪೈಪುಗಳು ಠಣ್ ಠಣ್ ಅಂದವು, ಮೇಲಿನ ಮಹಡಿಯಲ್ಲಿ ಕಡತಗಳು ದಡದಡನೆ ವಿಲೇವಾರಿಯಾದವು. ಹಿಡಿದದ್ದು ಬಹಳ, ಬಿಟ್ಟದ್ದೂ ಇತ್ತು. ಪರಿವೀಕ್ಷಕರು ಕೊಡೆಯ ಕೆಳಗಿನಿಂದ ಎದ್ದು ಬಂದು ಕೈ ಕುಲುಕಿದರು.

"ಕೆಲಸ ಅಂದ್ರೆ ಇದು ನೋಡಿ. ಬಟ್ಟೆ ನೋಡಿದ್ರೇನೇ ಗೊತ್ತಾಗುತ್ತೆ."

"ಸರ್, ನಾವು ಸೋತ್ವಿ."

"ಅದು ಬೇರೆ ವಿಭಾಗಕ್ಕೆ ಬರುತ್ತೆ."

ತಂಡ ಸೋಲುತ್ತ ಹೋಯಿತು, ಚಿಲಕಳಿಗೆ ಪ್ರಶಂಸಾಪತ್ರಗಳು ಬರುತ್ತ ಹೋದವು. ಜಡೆ ಅವಳ ಜೊತೆ ಮಾತು ಬಿಟ್ಟಳು. ಕೊನೆಗೆ ಉಳಿದದ್ದು ವಿದ್ಯುತ್ ಮಂಡಳಿಯ ಮೇಲಿನ ಪಂದ್ಯ. ಸೋತರೆ ತಂಡವನ್ನೇ ವಿಸರ್ಜಿಸುವುದಾಗಿ ಮೇಲಿನವರು ಹೇಳಿಯಾಗಿತ್ತು. ಗೆಲ್ಲಬೇಕಾದರೆ ಕೂಗಬೇಕು, ಕೂಗಿದರೆ ಹುದ್ದೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ಮೂರು ಪೈಪು.

"ಬಾಯಿಗೆ ಬೀಗ ಹಾಕ್ಕೊಂಡು ಬಾಗಿಲು ಕಾಯೋಕೆ ನಿಂಗೆ ಯಾರು ಕಲಿಸಿದ್ರೇ?" ಎಂದಷ್ಟೇ ಹೇಳಿ ದೊಡ್ಡಮ್ಮ ಕೈಗವಸು ಕೊಟ್ಟು ಕಳಿಸಿದರು.

ಅರ್ಧ ಆಟದವರೆಗೆ ಚಿಲಕ ಹಲ್ಲು ಕಚ್ಚಿ ನಿಂತಳು. ಆಮೇಲೆ ಜಡೆ ಎಲ್ಲಿ ನಿಲ್ಲಬಾರದೋ ಅಲ್ಲೇ ಹೋಗಿ ನಿಂತದ್ದನ್ನು ಕಂಡಳು ನೋಡಿ, ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಕಟ್ಟಿಟ್ಟದ್ದು ಒಡ್ಡು ಒಡೆಯಿತು. "ಜಡೇ, ಅಲ್ಲಿ ಏನೇ ನಿನ್ನ ಗಂಟು? ಈಚೆ ಬಾ. ಅಕ್ಕಾ, ಮುಂದೆ. ಮುಂದೆ ಅಂದ್ರೆ ಮುಂದೆ." ಜಡೆ ಬಹಳ ದಿನಗಳ ಮೇಲೆ ನಕ್ಕಳು. ಆಮೇಲೆ ಒಂದು ಚೆಂಡೂ ಗೋಲಿನ ಹತ್ತಿರ ಸುಳಿಯಲಿಲ್ಲ. ತಂಡ ಗೆದ್ದಿತು.

ಆಟ ಮುಗಿದೊಡನೆ ಚಿಲಕ ಕೈಗವಸು ಬಿಚ್ಚಿ, ನೇರವಾಗಿ ಹೋಗಿ ಪರಿವೀಕ್ಷಕರ ಮುಂದೆ ಹಿಡಿದಳು. "ತಗೊಳ್ಳಿ ಸರ್."

ಅವರು ತೆಗೆದುಕೊಳ್ಳಲಿಲ್ಲ. ಏನೋ ಯೋಚಿಸುತ್ತಿದ್ದರು.

"ನೀವು ಒಂದೇ ಕಡೆ ನಿಂತಿದ್ರಿ."

"ಹೌದು ಸರ್."

"ಕೈಯಿಂದ ಏನೂ ಮಾಡ್ಲಿಲ್ಲ."

"ಇಲ್ಲ ಸರ್."

"ನೀವು ಕೂಗಿದ್ರಿ, ಮಿಕ್ಕವರು ಓಡಿದ್ರು. ಕೆಲಸ ಆಯ್ತು."

"ಆಯ್ತು ಸರ್."

ಪರಿವೀಕ್ಷಕರು ಕೊಡೆ ಮಡಿಚಿದರು. ಎದ್ದು ನಿಂತರು. "ಮೊದಲೇ ಹೇಳಬಾರದಾ ಮೇಡಂ? ನಾನು ನಿಮ್ಮನ್ನ ಇಷ್ಟು ದಿನ ನೌಕರರು ಅಂದ್ಕೊಂಡಿದ್ದೆ."

ಆದೇಶ ಬೇಗನೆ ಹೊರಬಿತ್ತು. ಗೋಲ್‌ಕೀಪರ್ ಹುದ್ದೆಯನ್ನು ಅಧಿಕಾರಿ ಹುದ್ದೆಯಾಗಿ ಮೇಲ್ದರ್ಜೆಗೇರಿಸಲಾಗಿದೆ. ಗೋಲುಗಂಬಗಳ ನಡುವೆ ಕುರ್ಚಿ, ಖಾನೆಯುಳ್ಳ ಮೇಜು ಮತ್ತು ಕರೆಗಂಟೆ ಒದಗಿಸತಕ್ಕದ್ದು. ಅಧಿಕಾರಿಗಳು ಚೆಂಡನ್ನು ಸ್ವತಃ ಮುಟ್ಟತಕ್ಕದ್ದಲ್ಲ. ಕೈಗವಸು ಖಾನೆ ಸೇರಿತು. ಮುಂದಿನ ಸಾಲಿನ ಮೊದಲ ಪಂದ್ಯದಲ್ಲಿ ಎದುರು ತಂಡದವರು ಇದೇನೆಂದು ರೆಫರಿಯನ್ನು ಕೇಳಿದರು. ಆತ ವಾರದ ದಿನಗಳಲ್ಲಿ ತೆರಿಗೆ ಕಚೇರಿಯ ಗುಮಾಸ್ತ; ಮೇಜು ಕಂಡೊಡನೆ ಶೀಟಿ ಜೇಬಿಗಿಟ್ಟು ಕೈಕಟ್ಟಿ ನಿಂತ.

ಆ ಪಂದ್ಯದಲ್ಲಿ ಎದುರು ತಂಡದ ಹೆಸರಾಂತ ಫಾರ್ವರ್ಡ್ ಒಬ್ಬಳು ಎಲ್ಲರನ್ನೂ ದಾಟಿ ಚೆಂಡಿನೊಂದಿಗೆ ಮೇಜಿನವರೆಗೆ ಬಂದಳು. ಬಂದು ನಿಂತುಬಿಟ್ಟಳು. ಬಾಳಿನಲ್ಲಿ ಬೇಕಾದಷ್ಟು ಕಚೇರಿಗಳ ಹೊಸ್ತಿಲು ಸವೆಸಿದವಳು.

"ಮೇಡಂ, ಒಳಗೆ ಬರಬಹುದಾ?"

ಚಿಲಕಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆದರೆ ಕುರ್ಚಿಗೆ ತಿಳಿದಿತ್ತು. "ನಾಳೆ ಬನ್ನಿ," ಎಂದಿತು ಅವಳ ಬಾಯಿ.

"ಆಗ್ಲಿ ಮೇಡಂ," ಎಂದು ಆಕೆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು.

ಈ ಪದ್ಧತಿ ಎಲ್ಲರಿಗೂ ಒಪ್ಪಿಗೆಯಾಯಿತು. ಬೇರೆ ತಂಡಗಳೂ ಗೋಲಿನಲ್ಲಿ ಮೇಜು ಹಾಕಿದವು. ಗೋಲುಗಳೇ ಇಲ್ಲದ ಪಂದ್ಯಗಳ ಶಿಸ್ತನ್ನು ಪತ್ರಿಕೆಗಳು ಹೊಗಳಿದವು. ಚಿಲಕ ಮಾತ್ರ ಆಗಾಗ ಖಾನೆ ಎಳೆದು, ಕೈಗವಸಿನೊಳಗೆ ಬೆರಳು ತೂರಿಸಿ, ಮತ್ತೆ ಮುಚ್ಚುತ್ತಿದ್ದಳು.

"ಕುರ್ಚಿ ಸಿಕ್ಕ ಮೇಲೂ ಮುಖ ಯಾಕೆ ಹುಳ್ಳಗೆ ಮಾಡ್ಕೊಂಡಿದೀಯ?" ದೊಡ್ಡಮ್ಮ ಕೇಳಿದರು.

"ಜಾಗ ಉಳೀತು ದೊಡ್ಡಮ್ಮ. ಹಾರೋದು ಹೋಯ್ತು."

ಹೀಗಿರುವಾಗ ಅಂಚೆ ಇಲಾಖೆಯ ತಂಡಕ್ಕೆ ಹೊಸ ಹುಡುಗಿಯೊಬ್ಬಳು ಸೇರಿದಳು. ಈಗಷ್ಟೇ ಶಾಲೆ ಬಿಟ್ಟವಳು, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಮೇಜು ಕಂಡಳು, ಗಂಟೆ ಕಂಡಳು, ಅವುಗಳ ಹಿಂದೆ ಗೋಲೂ ಕಂಡಿತು. ಒದ್ದೇಬಿಟ್ಟಳು.

ಚಿಲಕಳಿಗೆ ಕೈಗವಸು ನೆನಪಾಗಲಿಲ್ಲ, ಆದೇಶವೂ ನೆನಪಾಗಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು, ಗಂಟೆ ಕೆಸರಿಗೆ ಬಿತ್ತು, ಅವಳು ಮೇಜಿನ ಮೇಲಿಂದ ಹಾದು ಬಲ ಮೂಲೆಗೆ ಹಾರಿದಳು. ಪೈಪು ಠಣ್ ಅನ್ನಲಿಲ್ಲ. ಚೆಂಡು ಎದೆಗಂಟಿತ್ತು.

ಪರಿವೀಕ್ಷಕರು ಓಡಿ ಬಂದರು. "ಏನ್ ಮೇಡಂ ಇದು, ಅಧಿಕಾರಿಗಳಾಗಿ ಕೆಲಸ ಮಾಡಿಬಿಟ್ರಲ್ಲ?"

ಚಿಲಕ ಮಲಗಿದಲ್ಲಿಂದಲೇ ಬಾಯೊಳಗಿನ ಮಣ್ಣು ಉಗುಳಿದಳು. "ಕೆಲಸ ಅಲ್ಲ ಸರ್. ಅರ್ಜಿ ಬಂತು, ತಿರಸ್ಕರಿಸಿದೆ."

"ಸ್ವತಃ?"

"ತುರ್ತಾಗಿತ್ತು."

ಪರಿವೀಕ್ಷಕರು ನಿಯಮಾವಳಿ ತಿರುವಿ ನೋಡಿದರು. ತುರ್ತು ಅರ್ಜಿಗಳನ್ನು ಅಧಿಕಾರಿಗಳೇ ವಿಲೇವಾರಿ ಮಾಡಬಹುದೆಂಬ ನಿಯಮ ನಿಜಕ್ಕೂ ಇತ್ತು. ಆವರೆಗೆ ಯಾರೂ ಬಳಸಿರಲಿಲ್ಲ, ಅಷ್ಟೆ.

ಅಂದಿನಿಂದ ಆ ಸೀಮೆಯ ಫುಟ್‌ಬಾಲ್ ಹೀಗೆ ನಡೆಯುತ್ತಿದೆ. ಚೆಂಡು ಒದೆಯುವವರು ಮೊದಲು ಜೋರಾಗಿ "ತುರ್ತು" ಎನ್ನಬೇಕು, ಆಮೇಲೆ ಒದೆಯಬೇಕು. ಚಿಲಕ ಕೈಗವಸು ತೊಟ್ಟು, ಮೇಜಿನ ಮುಂದೆ ನಿಂತು, ಮನಸಾರೆ ಹಾರುತ್ತಾಳೆ. ಅಧಿಕಾರಿಗಳು ತುರ್ತು ಕೆಲಸದಲ್ಲಿರುವಾಗ ಕುರ್ಚಿ ಖಾಲಿ ಇರಕೂಡದಾದ್ದರಿಂದ ಅದರ ಪ್ರಭಾರವನ್ನು ದೊಡ್ಡಮ್ಮನಿಗೆ ವಹಿಸಲಾಗಿದೆ. ಅವರು ಗೋಲಿನೊಳಗೆ ಕುಳಿತು ಹರಿದ ಕೈಗವಸುಗಳನ್ನು ಹೊಲಿಯುತ್ತಾರೆ, ಪರಿವೀಕ್ಷಕರು ಪಕ್ಕದಲ್ಲಿ ನಿಂತು ಅವರಿಗೆ ಕೊಡೆ ಹಿಡಿಯುತ್ತಾರೆ. ತುರ್ತು ಅನ್ನುವುದನ್ನು ಮರೆತು ಯಾರಾದರೂ ಚೆಂಡಿನೊಂದಿಗೆ ಹತ್ತಿರ ಬಂದರೆ, ದೊಡ್ಡಮ್ಮ ಸೂಜಿಯಿಂದ ಕಣ್ಣೆತ್ತುವುದಿಲ್ಲ.

"ನಾಳೆ ಬಾರಮ್ಮ," ಎನ್ನುತ್ತಾರೆ. ಚೆಂಡು ತಂದವರು ನಾಳೆ ಬರುತ್ತಾರೆ.