ಅತ್ತೆಯವರ ಗಜ್ಜರಿ ಬಿಸ್ಕೀಟು

ನಿಜಾಮರ ಪೊಲೀಸರು ಮನೆಗೆ ಬಂದು ತಪಾಸಣೆ ಮಾಡಿದ ತಿಂಡಿಯನ್ನು ನೀವು ಯಾರಾದರೂ ತಿಂದಿದ್ದೀರಾ? ನಾನು ತಿಂದಿದ್ದೇನೆ. ಅದನ್ನು ಮಾಡಿದವರು ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ. ಲಿಂಗಸುಗೂರಿನ ಬಜಾರದಲ್ಲಿದ್ದ ಮಾವನವರ ಬಟ್ಟೆ ಅಂಗಡಿ ಊರಿಗೆಲ್ಲ ಗೊತ್ತಿತ್ತು. ಅತ್ತೆಯವರ ದನಿ ಮಾತ್ರ ಸುತ್ತಲಿನ ಹಳ್ಳಿಗಳಿಗೂ ಗೊತ್ತಿತ್ತು!

ಅವರ ಸ್ವಭಾವ ಎಂಥದ್ದೆಂದು ಒಂದೇ ಮಾತಿನಲ್ಲಿ ಹೇಳಬೇಕೇ? ಅವರು ತಮ್ಮ ಜೀವನದಲ್ಲಿ ಒಮ್ಮೆಯೂ ತಪ್ಪು ಮಾಡಿರಲಿಲ್ಲ. ಸಾರು ಖಾರವಾದರೆ ಅದು ಮೆಣಸಿನಕಾಯಿಯ ಸೊಕ್ಕು. ಹಾಲು ಉಕ್ಕಿದರೆ ಅದು ಎಮ್ಮೆಯ ಬುದ್ಧಿ. ಮನೆಗೆ ಗೋಡೆ ಗಡಿಯಾರ ಬಂದಾಗಲಂತೂ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ವಿಚಾರಣೆಯನ್ನೇ ನಡೆಸಿದರು.

"ಇದಕ್ಕ ಹೊತ್ತು ಹೆಂಗ ಗೊತ್ತಾಗತೈತಿ? ಮನಿ ಬಿಟ್ಟು ಹೊರಗ ಹೋಗಿ ಬಿಸಲು ನೋಡೇತೇನು?"

ರೊಟ್ಟಿ ಬಡಿಯುವುದು ಮುಗಿದಾಗ ಹನ್ನೆರಡು ಗಂಟೆ ಎಂಬುದು ಅವರ ಕಾಯಿದೆ. ರೊಟ್ಟಿ ತಡವಾದರೆ ಸ್ಟೂಲು ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಇಳಿಯುತ್ತಿದ್ದರು. ಇದನ್ನೇ ನಂಬಿ ಮಾವನವರು ರಾಯಚೂರಿನ ಮೋಟಾರು ಹಿಡಿಯಲು ಹೋದರೆ, ಮೋಟಾರು ಹೋಗಿ, ಅದು ಎಬ್ಬಿಸಿದ ಧೂಳೂ ಇಳಿದಿತ್ತು. ಬೆವರು ಒರೆಸುತ್ತ ಮರಳಿ ಬಂದ ಮಾವನವರಿಗೆ ಅತ್ತೆ ಹೇಳಿದ್ದು ಇಷ್ಟೇ: "ಗಡಿಯಾರ ಸರಿ ಐತ್ರಿ. ಮೋಟಾರಿನವ ತಪ್ಪ್ಯಾನ."

ಇಂಥವರ ಮನೆಗೆ ನಾನು ಸಿಂಧನೂರಿನಿಂದ ಸೊಸೆಯಾಗಿ ಬಂದೆ. ಮೊದಲ ವರ್ಷ ಒಂದು ಬಸಿರು ನಿಲ್ಲದೆ ಹೋಯಿತು. ಮರುವರ್ಷ ಮತ್ತೆ ಬಸುರಿಯಾದಾಗ ನನ್ನ ಹೊಟ್ಟೆಯಲ್ಲಿ ಅನ್ನವಿರಲಿ, ನೀರೂ ನಿಲ್ಲದಂತಾಯಿತು. ಒಗ್ಗರಣೆಯ ವಾಸನೆ ಬಂದರೆ ವಾಂತಿ, ಬರದಿದ್ದರೂ ವಾಂತಿ. ಕೈಬಳೆಗಳು ಮೊಳಕೈವರೆಗೆ ಜಾರತೊಡಗಿದವು. ದವಾಖಾನೆಯ ಡಾಕ್ಟರಮ್ಮ ನನ್ನ ಕಣ್ಣು, ನಾಲಗೆ ನೋಡಿ, ಒಂದು ತಗಡಿನ ಡಬ್ಬಿ ಕೊಟ್ಟು, "ಇದು ಓಟ್ಸ್. ಗಂಜಿ ಮಾಡಿ ಕುಡಿಸಿ. ಹೇಗಾದರೂ ಮಾಡಿ ಇವಳ ಹೊಟ್ಟೆಗೆ ಅನ್ನ ಹೋಗಬೇಕು, ಇಲ್ಲದಿದ್ದರೆ ಈ ಸಲವೂ ಕಷ್ಟ" ಎಂದು ಅತ್ತೆಗೆ ಹೇಳಿದರು.

ದಾರಿಯುದ್ದಕ್ಕೂ ಅತ್ತೆ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಲೇ ಬಂದರು. ಮಾವನವರು ಮುಚ್ಚಳ ತೆಗೆದು ನೋಡಿ ನಕ್ಕರು.

"ಇದು ದೊರೆಗಳ ಕುದುರಿ ತಿನ್ನೋ ದಾಣಿ."

"ತಿನ್ಲಿ ಬಿಡ್ರಿ. ಕುದುರಿ ಎಂದಾರ ವಾಂತಿ ಮಾಡಿದ್ದು ನೋಡೀರೇನು?"

ಈ ಓಟ್ಸ್ ಎಂಬ ಹೆಸರು ಅತ್ತೆಯ ಬಾಯಲ್ಲಿ 'ಓಟು' ಆಯಿತು, ಕೊನೆಯವರೆಗೂ ಹಾಗೆಯೇ ಉಳಿಯಿತು. ಎಷ್ಟರಮಟ್ಟಿಗೆ ಎಂದರೆ, ಮುಂದೆ ನಿಜಾಮರ ಆಳ್ವಿಕೆ ಹೋಗಿ ಚುನಾವಣೆ ಬಂದಾಗ, "ಅಮ್ಮಾ, ನಮಗ ಓಟು ಕೊಡ್ರಿ" ಎಂದು ಕೈಮುಗಿದು ಬಂದವರನ್ನು ಅವರು ನಿಲ್ಲಿಸಿ ಕೇಳಿದ್ದರು: "ಯಾಕ, ನಿಮ್ಮ ಮನ್ಯಾಗ ಯಾರು ಬಸುರಿ?"

ಇರಲಿ, ನನ್ನ ಕಥೆಗೆ ಬರುತ್ತೇನೆ. ಗಂಜಿಯೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅತ್ತೆ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತು, ಕಳ್ಳನ ಬಾಯಿ ಬಿಡಿಸುವವರಂತೆ ಕೇಳಿದರು.

"ಹೇಳಬೇ. ಈ ಭೂಮಿ ಮ್ಯಾಲ ಏನ ಕೊಟ್ರ ತಿಂತಿ?"

ನನಗೆ ಥಟ್ಟನೆ ನೆನಪಾದದ್ದು ಒಂದು ಬಿಸ್ಕೀಟು. ನಾನು ಚಿಕ್ಕವಳಿದ್ದಾಗ ಸಿಂಧನೂರಿನ ಹೊರಗೆ ಕಾಲುವೆಯ ಅಳತೆಗೆ ಬಂದ ಇಂಜಿನಿಯರರೊಬ್ಬರು ಗುಡಾರ ಹಾಕಿದ್ದರು. ಅವರ ಹೆಂಡತಿ ಗಜ್ಜರಿ, ಅಂದರೆ ಕ್ಯಾರೆಟ್ಟು ತುರಿದು, ಇದೇ ಓಟ್ಸ್ ಹಾಕಿ, ಬೆಲ್ಲ, ದಾಲ್ಚಿನ್ನಿ, ಸುಂಠಿ, ಯಾಲಕ್ಕಿ ಸೇರಿಸಿ ಏನನ್ನೋ ಸುಟ್ಟು ನಮ್ಮಂಥ ಮಕ್ಕಳ ಕೈಗೆ ಒಂದೊಂದು ಕೊಡುತ್ತಿದ್ದರು. ಹಲ್ಲು ಬೇಕಿರಲಿಲ್ಲ, ನಾಲಗೆಯ ಮೇಲೇ ಮುರಿಯುತ್ತಿತ್ತು. ಅದನ್ನು ಹೇಳಿ, ಹೇಳಿದ್ದಕ್ಕೆ ನಾಚಿ ತಲೆ ತಗ್ಗಿಸಿದೆ. ಗಂಡನ ಮನೆಯಲ್ಲಿ ದೊರೆಸಾನಿಯಂತೆ ಬಿಸ್ಕೀಟು ಕೇಳುವುದೆಂದರೇನು!

ಅತ್ತೆ ಎದ್ದು ಸೆರಗು ಸಿಕ್ಕಿಸಿದರು. "ಅಷ್ಟ ಹೌದಿಲ್ಲೊ? ಅದೇನು ಆಕಾಶದಿಂದ ಇಳದೈತೇನು?"

ಮರುದಿನ ದವಾಖಾನೆಗೆ ಹೋಗಿ ಡಾಕ್ಟರಮ್ಮನಿಂದಲೇ ಮಾಡುವ ಬಗೆ ಕೇಳಿಕೊಂಡು ಬಂದರು. ಗೋಧಿಹಿಟ್ಟು, ಓಟ್ಸ್, ಬೆಣ್ಣೆ, ಬೆಲ್ಲ, ಗಜ್ಜರಿ, ಮಸಾಲೆ... ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತಂತೆ. ಕೊನೆಗೆ ಡಾಕ್ಟರಮ್ಮ, "ಆಮೇಲೆ ಒಂದು ತತ್ತಿ ಒಡೆದು ಹಾಕಿ" ಎಂದುಬಿಟ್ಟರಂತೆ. ನಮ್ಮದು ಲಿಂಗ ಕಟ್ಟಿದ ಮನೆ!

"ತತ್ತಿ ಹಾಕಿದ್ರ ಕೊರಳಾಗಿನ ಲಿಂಗಕ್ಕ ಏನ್ ಹೇಳ್ಲಿ ಅಂದೆ. ಸುಮ್ಮನಾದ್ಳು. ಎಷ್ಟ ಓದಿದ್ರೇನು, ಇದಕ್ಕ ಉತ್ತರ ಇರಲಿಲ್ಲ ಆಕಿ ಕಡೆ!"

ತತ್ತಿಯ ಜಾಗಕ್ಕೆ ಗಟ್ಟಿ ಮೊಸರು, ಒಂದು ಚಿಟಿಕೆ ಸೋಡಾ ಎಂದು ಅತ್ತೆಯೇ ತೀರ್ಪು ಕೊಟ್ಟರು. ಗಜ್ಜರಿ ತರಲು ನನ್ನ ಗಂಡನನ್ನು ಮಸ್ಕಿಯ ಸಂತೆಗೆ ಅಟ್ಟಿದರು. ಎಷ್ಟು ತರಬೇಕೆಂದು ಅತ್ತೆ ಹೇಳಲಿಲ್ಲ, ಇವರು ಕೇಳಲಿಲ್ಲ. ಒಂದು ಚೀಲ ಬಂತು! ಅಂದಿನಿಂದ ಮನೆಯಲ್ಲಿ ಗಜ್ಜರಿ ಪಲ್ಯ, ಗಜ್ಜರಿ ಕೋಸಂಬರಿ, ಗಜ್ಜರಿ ಸಾರು. ಎಮ್ಮೆಗೂ ಗಜ್ಜರಿ. ಮಾವನವರು ತಟ್ಟೆಯ ಮುಂದೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅತ್ತೆ ಅದನ್ನು ಶಿವಧ್ಯಾನ ಎಂದು ತಿಳಿದಿದ್ದರು.

ಸುಡುವುದಕ್ಕೆ ಭಟ್ಟಿ ಬೇಕಲ್ಲ? ಹಿತ್ತಲಿನಲ್ಲಿದ್ದ ಸೀಮೆಎಣ್ಣೆಯ ದೊಡ್ಡ ಡಬ್ಬಿಗೆ ಗ್ರಹಚಾರ ಬಂತು. ಅದನ್ನು ಬೂದಿ ಹಾಕಿ ತಿಕ್ಕಿ, ವಾಸನೆ ಹೋಗುವವರೆಗೆ ಕುದಿಸಿ, ಒಂದು ಕಡೆ ಕತ್ತರಿಸಿ ಬಾಗಿಲು ಮಾಡಿದರು. ನೆಲದಲ್ಲಿ ಕುಣಿ ತೋಡಿ ಅದನ್ನು ಅಡ್ಡಲಾಗಿ ಇಳಿಸಿ, ಸುತ್ತ ಮಣ್ಣು ಮೆತ್ತಿ, ಕೆಳಗೂ ಮೇಲೂ ಕೆಂಡ ಹರಡಿದರು. ಸ್ವತಃ ಕಮ್ಮಾರನಂತೆ ಮಸಿಯಾಗಿ ಎದುರು ಕೂತರು.

ಮೊದಲ ಸಲ ಹೊರಬಂದದ್ದು ಕರ್ರಗಿತ್ತು. "ಕೆಂಡಕ್ಕ ಬುದ್ಧಿ ಇಲ್ಲ" ಎಂದರು ಅತ್ತೆ. ಎರಡನೆಯ ಸಲ ಬಣ್ಣ ಚೆನ್ನಾಗಿತ್ತು, ಪರಿಮಳ ಬೀದಿಯವರೆಗೆ ಹೋಗಿತ್ತು. ಮಾವನವರು ಆಸೆಯಿಂದ ಒಂದನ್ನು ಚಹಾದಲ್ಲಿ ಅದ್ದಿದರು. ಕಾದರು. ಚಹಾ ಆರಿತು, ಬಿಸ್ಕೀಟು ಮೆತ್ತಗಾಗಲಿಲ್ಲ. ಆಮೇಲೆ ಅದನ್ನು ಅಂಗಡಿಗೆ ಒಯ್ದರು. ಗಾಳಿಗೆ ಹಾರುವ ಮಲಮಲ್ ಬಟ್ಟೆಯ ಮೇಲೆ ಇಡಲು ಬಹಳ ಅನುಕೂಲವಾಯಿತಂತೆ!

ಮೂರನೆಯ ಸಲವೇ ಪೊಲೀಸರು ಬಂದದ್ದು. ಆ ವರ್ಷ ನಮ್ಮ ಸೀಮೆಯಲ್ಲಿ ನಿಜಾಮರ ವಿರುದ್ಧ ಗದ್ದಲವೋ ಗದ್ದಲ. ಯಾರನ್ನು ಕಂಡರೆ ಯಾರಿಗೆ ಅನುಮಾನವೋ ಹೇಳುವಂತಿರಲಿಲ್ಲ. ಬಟ್ಟೆ ಅಂಗಡಿಯವರ ಹಿತ್ತಲಿನಲ್ಲಿ ಡಬ್ಬಿಗೆ ಏನೋ ತುಂಬಿ ಹೂಳುತ್ತಿದ್ದಾರೆ, ಹೊಗೆ ಏಳುತ್ತಿದೆ ಎಂದು ಯಾರೋ ಪುಣ್ಯಾತ್ಮರು ಠಾಣೆಗೆ ಖಬರು ಮುಟ್ಟಿಸಿದ್ದರು. ಠಾಣೆಯ ಅಧಿಕಾರಿ ಅಮೀನ ಸಾಹೇಬರು ಇಬ್ಬರು ಜವಾನರನ್ನು ಕರೆದುಕೊಂಡು ಸೀದಾ ಹಿತ್ತಲಿಗೆ ನುಗ್ಗಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತ ನಿಂತೆ.

"ಅಮ್ಮಾ, ಆ ಡಬ್ಬಿ ತೆರೀರಿ" ಎಂದರು ಸಾಹೇಬರು.

ಅತ್ತೆ ತಿರುಗಿಯೂ ನೋಡಲಿಲ್ಲ. "ಈಗ ತೆರಿಯಂಗಿಲ್ರಿ. ಇನ್ನೂ ಎದ್ದಿಲ್ಲ."

ಜವಾನರು ಒಂದು ಹೆಜ್ಜೆ ಹಿಂದೆ ಸರಿದರು.

"ಏಳೋದಂದ್ರೇನು? ಹಾರತದೇನು?" ಎಂದರು ಸಾಹೇಬರು.

"ಸೋಡಾ ಹಾಕೀನ್ರಿ, ಏಳಬೇಕು. ನೀವು ಬೂಟು ಹಾಕ್ಕೊಂಡು ಧಪ್ ಧಪ್ ಅಂತ ಬಂದ್ರ ಎಲ್ಲಿ ಏಳತೈತಿ?"

ಜವಾನರು ಇನ್ನೂ ಎರಡು ಹೆಜ್ಜೆ ಸರಿದು ಎಮ್ಮೆಯ ಹಿಂದೆ ನಿಂತರು. ಸಾಹೇಬರು ಧೈರ್ಯಸ್ಥರು, ನಿಂತಲ್ಲೇ ನಿಂತು ಕೇಳಿದರು. "ಒಳಗ ಏನದ, ಖರೇ ಹೇಳ್ರಿ."

"ಗಜ್ಜರಿ. ಮತ್ತ ಕುದುರಿ ದಾಣಿ."

ಸಾಹೇಬರ ಸೇವೆಯಲ್ಲಿ ಇಂಥ ಉತ್ತರ ಅದೇ ಮೊದಲಿರಬೇಕು. ಅತ್ತೆ ಸಾವಕಾಶವಾಗಿ ಕೆಂಡ ಸರಿಸಿ, ತಟ್ಟೆ ಎಳೆದು, ಒಂದು ಬಿಸ್ಕೀಟು ಅವರ ಮುಂದೆ ಹಿಡಿದರು. ಸಾಹೇಬರು ಅದನ್ನು ತಿರುಗಿಸಿ ನೋಡಿ, ಬಟ್ಟೆ ಒಗೆಯುವ ಕಲ್ಲಿಗೆ ಕುಟ್ಟಿದರು. ಠಣ್ ಎಂದಿತು.

"ಅಮ್ಮಾ, ಇದು ಬಾಂಬ್ ಅಲ್ಲ, ಕಬೂಲ್. ಆದ್ರ ಒಗದ್ರ ಮನಷಾ ಉಳಿಯಂಗಿಲ್ಲ."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಅತ್ತೆ ಕೆಂಡದ ಇಕ್ಕಳವನ್ನೇ ಎತ್ತುತ್ತಿದ್ದರು. ಅಂದು ಮಾತ್ರ ಇಕ್ಕಳ ಕೆಳಗಿಟ್ಟು ಕೂತಲ್ಲೇ ಕುಸಿದರು. ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಸೊಸಿ ಬಸುರಿ ಅದಾಳ್ರೀ ಸಾಹೇಬ್ರ. ಏನೂ ದಕ್ಕವಲ್ದು ಆ ಕೂಸಿಗೆ. ಹೋದ ವರ್ಷ ಒಂದು ಕಳಕೊಂಡಾಳ. ಇದೊಂದು ತಿಂತೀನಿ ಅಂತ ಬಾಯಿಬಿಟ್ಟು ಹೇಳ್ಯಾಳ. ಇದು ನೋಡಿದ್ರ ಮೆತ್ತಗಾಗವಲ್ದು."

ಅಮೀನ ಸಾಹೇಬರು ಟೊಪ್ಪಿಗೆ ತೆಗೆದರು. ಹಿತ್ತಲಿನ ಕಟ್ಟೆಯ ಮೇಲೆ ಕೂತು ಬಿಸ್ಕೀಟನ್ನು ಮತ್ತೊಮ್ಮೆ, ಈ ಸಲ ಬೇರೆಯೇ ಕಣ್ಣಿನಿಂದ ನೋಡಿದರು.

"ನಮ್ಮ ಅಮ್ಮೀ ಈದಿಗೆ ನಾನ್‌ಖಟಾಯಿ ಮಾಡ್ತಿದ್ರು. ಅದು ಒಳಗಿರುವಾಗ ಗಟ್ಟಿ ಆಗಲಿ ಅಂತ ನೀವು ಕಾಯ್ತೀರಿ, ಅಲ್ಲೇನು? ಕಾಯಬ್ಯಾಡ್ರಿ. ಹಸಿ ಅನಿಸಿದಾಗೇ ತೆಗೀರಿ. ಹೊರಗ ಬಂದ ಮ್ಯಾಲೆ ತಾನೇ ಕೂಡತದ. ಬಿಸಿ ಇರುವಾಗೇ ಮ್ಯಾಲೆ ಬಟ್ಟೆ ಹೊದಿಸಿಡ್ರಿ. ಆ ದಾಣಿ ಮೊದಲು ಹಾಲಿನಾಗ ನೆನಸ್ರಿ."

ಅತ್ತೆ, ಯಾರ ಮಾತನ್ನೂ ಕೇಳದ ನಮ್ಮ ಅತ್ತೆ, ಶಾಲೆಯ ಮಗುವಿನಂತೆ ತಲೆ ಆಡಿಸಿ ಕೇಳಿದರು! ಹೊರಡುವಾಗ ಸಾಹೇಬರು ಮೀಸೆಯಲ್ಲೇ ನಗುತ್ತ, "ರಪೋಟಿನಾಗ ಏನಂತ ಬರೀಲಿ, ಅಮ್ಮಾ?" ಎಂದರು.

"ಇನ್ನೂ ಬೆಂದಿಲ್ಲ ಅಂತ ಬರೀರಿ. ನಾಡಿದ್ದು ಬರ್ರಿ, ತಿಂದು ನೋಡಿ ಮುಂದಿಂದು ಬರಿಯೋರಂತ."

ಮರುದಿನ ಅತ್ತೆ ಓಟ್ಸನ್ನು ಹಾಲಿನಲ್ಲಿ ನೆನೆಸಿದರು. ಗಜ್ಜರಿ ತುರಿಯುವಾಗ ಬೆರಳನ್ನೂ ತುರಿದುಕೊಂಡು ತುರಿಮಣೆಗೆ ಬೈದರು. ಡಬ್ಬಿಯ ಮುಂದೆ ಕೂತು, ಕೈ ಮುಂದೆ ಹೋಗುವುದು, ಹಿಂದೆ ಬರುವುದು. ಹಸಿ ಇರುವಾಗಲೇ ಅಡುಗೆಯನ್ನು ಇಳಿಸುವುದೆಂದರೆ ಅವರ ಜೀವಕ್ಕೆ ಎಷ್ಟು ಸಂಕಟವಾಗಿರಬೇಡ! ಕೊನೆಗೆ ಕಣ್ಣು ಮುಚ್ಚಿ "ಶಿವಾ" ಎಂದು ತಟ್ಟೆ ಎಳೆದುಬಿಟ್ಟರು. ಅಂಗಡಿಯ ಹೊಸ ಮಲಮಲ್ ತುಂಡನ್ನೇ ತಂದು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿ ಒಂದು ಬಿಸ್ಕೀಟು ಬಂತು. ಕೆಂಪಗಿನ ಗಜ್ಜರಿ ಎಳೆಗಳು, ಸುಂಠಿ ದಾಲ್ಚಿನ್ನಿಯ ಘಮ. ಹಿಡಿದ ಕಡೆ ಬೆರಳ ಗುರುತು ಬೀಳುವಷ್ಟು ಮೃದು. ಒಂದು ತುಣುಕು ಬಾಯಿಗೆ ಹಾಕಿಕೊಂಡೆ. ಅತ್ತೆ ಬೋಗುಣಿ ಹಿಡಿದು ಎದುರು ಕೂತರು, ವಾಂತಿ ಈಗ ಬಂದೀತು, ಆಗ ಬಂದೀತು ಎಂದು. ನಾನು ನುಂಗಿದೆ. ಇಬ್ಬರೂ ಕಾದೆವು. ಇನ್ನೊಂದು ತುಣುಕು. ಮತ್ತೆ ಕಾದೆವು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಬೋಗುಣಿ ಖಾಲಿಯೇ ಉಳಿಯಿತು.

ಅತ್ತೆ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಎಮ್ಮೆಗೆ ಜೋರಾಗಿ ಬೈಯತೊಡಗಿದರು. ಎಮ್ಮೆ ಏನೂ ಮಾಡಿರಲಿಲ್ಲ. ಬೈಗುಳ ನಡುನಡುವೆ ಬಿಕ್ಕಿ ನಿಲ್ಲುತ್ತಿತ್ತು.

ಕಣ್ಣು ಒರೆಸಿಕೊಂಡು ಮರಳಿ ಬಂದು ನನ್ನ ಪಕ್ಕ ಕೂತಾಗ, ನನಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಬಿಟ್ಟೆ.

"ಅತ್ತೀ, ನೀವು ಬಸುರಿದ್ದಾಗ ನಿಮಗ ಏನ್ ತಿನ್ನಬೇಕು ಅನಿಸಿತ್ರಿ?"

ಯಾವ ಪ್ರಶ್ನೆಗೂ ಉತ್ತರ ಸಿದ್ಧವಿದ್ದ ಬಾಯಿ ಅದು. ಈಗ ಅವರು ಕೈಯ ಮಸಿಯನ್ನು ನೋಡುತ್ತ ಕೂತರು.

"ಯಾರೂ ಕೇಳಲಿಲ್ಲಬೇ" ಎಂದರು. "ಏನೋ ಬೇಕನಿಸಿತ್ತು. ಯಾರೂ ಕೇಳಲಾರದ್ದಕ್ಕ ನನಗೂ ಮರತು ಹೋತು."

ಉಳಿದರ್ಧ ಬಿಸ್ಕೀಟನ್ನು ನಾನು ಅವರ ಬಾಯಿಗೆ ಇಟ್ಟೆ. ಬೇಡ ಎನ್ನಲಿಲ್ಲ. ಕಣ್ಣು ಮುಚ್ಚಿ, ನಿಧಾನವಾಗಿ, ಪೂರ್ತಿ ತಿಂದರು.

ಬೇಸಗೆಯಲ್ಲಿ ಮಗಳು ಹುಟ್ಟಿದಳು, ಗುಂಡುಗುಂಡಗೆ. ಅವಳಿಗೆ ಅನ್ನ ಮುಟ್ಟಿಸಿದ ದಿನ ಅತ್ತೆ ಒಂದು ಬಿಸ್ಕೀಟನ್ನು ಹಾಲಿನಲ್ಲಿ ಕರಗಿಸಿ, ಬೆರಳ ತುದಿಯಿಂದ ನಾಲಗೆಗೆ ಸವರಿದರು. ಮಗು ಚಪ್ಪರಿಸಿತು. ಅತ್ತೆ ಅವಳನ್ನು ತೊಡೆಯ ಮೇಲೆ ಎತ್ತಿಕೊಂಡು, "ಹೇಳಬೇ ನಮ್ಮವ್ವ, ಇನ್ನೇನ್ ಬೇಕು ನಿಂಗ?" ಎಂದು ಕೇಳಿದರು. ಕೇಳಿ, ಇನ್ನೂ ಮಾತೇ ಬಾರದ ಆ ಪುಟ್ಟ ಬಾಯಿಯ ಹತ್ತಿರ ಕಿವಿಯಿಟ್ಟು, ಉತ್ತರ ಬರುತ್ತದೆಂದು ನಂಬಿದವರ ಹಾಗೆ ಕಾಯುತ್ತ ಕೂತರು.