ಮೂವತ್ತು ಕಿಲೋ ನಾಡಸೇವೆ

ಗಲ್ಫಿನ ಬತ್ಹಾ ಪೇಟೆಯ ಕರಾವಳಿ ಸೌಹಾರ್ದ ಸಂಘದ ಈ ಸಲದ ಚುನಾವಣೆಯಲ್ಲಿ, ರದ್ದಾಗಿದ್ದ ಕಡ್ಡಾಯ ನಾಡಸೇವೆಯನ್ನು ಮರಳಿ ಜಾರಿಗೆ ತರುವುದೇ ಮುಖ್ಯ ವಿಷಯವಾಗಿತ್ತು. ನಾಡಸೇವೆಯೆಂದರೆ, ರಜೆಯಲ್ಲಿ ಊರಿಗೆ ಹೋಗುವ ಯುವಕನು ಸದಸ್ಯರೆಲ್ಲರ ಪಾರ್ಸೆಲ್ ಹೊತ್ತೊಯ್ದು ಮನೆಮನೆಗೆ ಮುಟ್ಟಿಸುವುದು. ಯುವಕನೆಂದರೆ ಮೂವತ್ತೈದರೊಳಗಿನವನು. ನಲವತ್ತೆರಡು ಮಂದಿ ಸದಸ್ಯರಲ್ಲಿ ಅಂಥವನು ಸಫ್ವಾನ್ ಒಬ್ಬನೇ.

ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಸಫ್ವಾನನಿಗೆ ಮೂರು ವರ್ಷದ ಮೇಲೆ ನಲವತ್ತೈದು ದಿನ ರಜೆ ಸಿಕ್ಕಿತ್ತು. ಅವನು ಇಲ್ಲಿಗೆ ಬಂದ ಮೇಲೆ ಹುಟ್ಟಿದ ಮಗಳನ್ನು ಇನ್ನೂ ಎತ್ತಿಕೊಂಡಿರಲಿಲ್ಲ, ಪಾಪ. ಅವಳಿಗೊಂದು ಮೂರು ಚಕ್ರದ ಸೈಕಲ್ ಕೊಂಡಿಟ್ಟಿದ್ದ.

ಚರ್ಚೆ ಬಿಸಿಯೇರಿತು. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅತ್ತರು ವ್ಯಾಪಾರಿ ಸಾದುಲ್ಲಾ ಸಾಹೇಬರು ಇಪ್ಪತ್ತು ಕಿಲೋ ಸೇವೆ ಸಾಕೆಂದರು. ಎದುರಾಳಿ ಅಮ್ಮಾರ್ ಹಾಜಿಯವರು, ಮೂವತ್ತಕ್ಕೆ ಒಂದು ಗ್ರಾಂ ಕಡಿಮೆಯಾದರೂ ಯುವಜನಾಂಗ ಹಾಳಾಗುತ್ತದೆಂದು ಮೇಜು ಗುದ್ದಿದರು. ಯುವಜನಾಂಗವು ಆಗ ಎಲ್ಲರಿಗೂ ಚಹಾ ಹಂಚುತ್ತಿತ್ತು.

"ವಿಮಾನದಲ್ಲಿ ಬಿಡುದೇ ಮೂವತ್ತು ಕಿಲೋ. ಮೂವತ್ತೂ ನಿಮ್ಮದೇ ಆದ್ರೆ ನನ್ನ ಮಗಳ ಸೈಕಲ್ ಎಲ್ಲಿ ಇಡುದು ಹಾಜಿಯವರೇ?" ಎಂದ ಸಫ್ವಾನ್.

"ಎಂತ ಮಾರಾಯ, ನಾಡಿನ ವಿಷಯ ಮಾತಾಡುವಾಗ ಮನೆ ವಿಷಯ ತರುದಾ?"

"ನೀವು ಎಷ್ಟು ಕಿಲೋ ಹೊತ್ತಿದ್ರಿ?"

"ನಮ್ಮ ಸರದಿ ಬರುವಾಗ ಅದನ್ನು ನಾವೇ ರದ್ದು ಮಾಡಿದ್ದು. ಅದಕ್ಕೇ ನೋಡು, ನಮ್ಗೆ ಶಿಸ್ತೇ ಬರ್ಲಿಲ್ಲ."

ಸೇವೆ ಸಲ್ಲಿಸಬೇಕಾದವನೇ ಮತ ಹಾಕಿದರೆ ಸ್ವಾರ್ಥಕ್ಕೆ ಎಡೆಯಾಗುತ್ತದೆಂದು ಚುನಾವಣಾಧಿಕಾರಿಗಳು ಸಫ್ವಾನನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅಮ್ಮಾರ್ ಹಾಜಿಯವರು ಗೆದ್ದರು. ಸೈಕಲ್ ರೂಮಿನಲ್ಲೇ ಉಳಿಯಿತು.

ನಿಯಮ ಏಳರ ಪ್ರಕಾರ, ಪಾರ್ಸೆಲ್ ಮುಗಿಯುವ ತನಕ ಸೇವಕನು ಸ್ವಂತ ಮನೆಗೆ ಹೋಗತಕ್ಕದ್ದಲ್ಲ. ಹೋದವನು ಹೊರಗೆ ಬರುವುದಿಲ್ಲವೆಂಬುದು ಸಂಘದ ಅನುಭವ. ಸಫ್ವಾನ್ ಭಟ್ಕಳದಿಂದ ಉಪ್ಪಳದವರೆಗೆ ನಲವತ್ತೊಂದು ಮನೆ ತಿರುಗಿದ. ಗಲ್ಫಿನಿಂದ ಪಾರ್ಸೆಲ್ ತಂದವನನ್ನು ಉಣಿಸಿ, ಮಲಗಿಸಿ ಮರುದಿನವೇ ಕಳಿಸುವುದು ನಮ್ಮ ಕಡೆಯ ಕ್ರಮ. ಹೀಗಾಗಿ ದಿನಕ್ಕೆ ಒಂದೇ ಮನೆಯಾಯಿತು.

ನಲವತ್ತೆರಡನೆಯ ದಿನ ಪುತ್ತೂರಿನ ತನ್ನ ಮನೆಯ ಬಾಗಿಲು ತಟ್ಟಿದ. ಮಗಳು ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಉಮ್ಮಾ, ಯಾರೋ ಬಂದ್ರು. ಕೈಯಲ್ಲಿ ಎಂತ ಇಲ್ಲ."

ಒಳಗಿಂದ ಬಂದ ಫಾಇಝಾ ಗಂಡನನ್ನು ಕಂಡು ಅತ್ತಳು. ಆಮೇಲೆ ಅನ್ನಕ್ಕಿಟ್ಟಳು. ಎರಡು ದಿನ ಮಗು ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಹೆಗಲೇರಿತು. ಅಂದೇ ಸಂಜೆ ಅವನ ವಿಮಾನವಿತ್ತು.

ಮರುವರ್ಷ ಸಂಘಕ್ಕೆ ಗಲ್ಫಿನ ಇನ್ನೊಂದು ಊರಾದ ಹಫ್ರ್ ಅಲ್ ಬಾತಿನ್‌ನಿಂದ ಇಪ್ಪತ್ತಾರರ ಹೊಸ ಸದಸ್ಯನೊಬ್ಬ ಸೇರಿದ. ಮೂವತ್ತೈದು ತುಂಬಿದ ಸಫ್ವಾನ್ ಅಧ್ಯಕ್ಷ ಸ್ಥಾನಕ್ಕೆ ನಿಂತು, ಸೇವೆಯನ್ನು ನಲವತ್ತು ಕಿಲೋಗೆ ಏರಿಸುವುದಾಗಿ ಭರವಸೆ ಕೊಟ್ಟ. ಅವನು ಅವಿರೋಧವಾಗಿ ಆಯ್ಕೆಯಾದ.